ಗದ್ದೆಪ್ಪನ ಮಣ್ಣಿನ ಎತ್ತು

ಮಾನ್ವಿಯ ನಮ್ಮ ಓಣಿಯ ಗದ್ದೆಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ಹನ್ನೆರಡು ಮನೆಗೂ ಒಂದೊಂದು ಜೋಡಿ ಎತ್ತು ಮಾಡಿ ಕೊಡುವವನು ಅವನೇ. ಎರೆಮಣ್ಣು ನಾದಿ, ನಾಲ್ಕು ಕಾಲು, ಹೆಗಲಿಗೊಂದು ಡುಬ್ಬ, ಎರಡು ಕೊಂಬು ಎಳೆದು, ಕಣ್ಣಿಗೆ ಜೋಳದ ಕಾಳು ಒತ್ತಿದರೆ ಮುಗಿಯಿತು. ಯಾರೂ ಕಲಿಸಿದ್ದಲ್ಲ. ಮೂವತ್ತೊಂದು ವರ್ಷ ನಾನು ಅವನ್ನೇ ತಂದು ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡಿದ್ದೇನೆ.

ಅವನ ಮಗಳು ವಿಶಾಖಾ ಕಲಬುರಗಿಯಲ್ಲಿ ಚಿತ್ರಕಲೆ ಓದಿ, ಈಗ ರಾಯಚೂರಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಈ ವರ್ಷ ಹಬ್ಬಕ್ಕೆ ಎಂಟು ದಿನ ಮೊದಲೇ ಬಂದಳು. ತಾನು ಮಾಡಿದ ಮಣ್ಣಿನ ಎತ್ತೊಂದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು. ಪಕ್ಕೆಲುಬು, ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲು, ಮೊಣಕಾಲ ಗಂಟು ಎಲ್ಲ ಇದ್ದವು. ಗದ್ದೆಪ್ಪ ತಿರುಗಿಸಿ ತಿರುಗಿಸಿ ನೋಡಿದ.

“ಹಂಗಾದ್ರ ನಾ ಮಾಡೋವು ಏನವ್ವಾ?”

“ಅವು ಎತ್ತಲ್ಲಪ್ಪಾ, ಎತ್ತು ಅಂತ ಗುರ್ತು ಅಷ್ಟ.”

ಪಾಠ ಹೇಳುವ ಹಾಗೆ ಹೇಳಿದಳು, ಕೊಂಕಿರಲಿಲ್ಲ. ಆದರೂ ಅವನಿಗೆ ನಾಟಿತು.

ಮರುದಿನದಿಂದ ಗಿರಣಿ ಬಿಟ್ಟು ಬಂದವನೇ ಮಗಳೊಡನೆ ಪಕ್ಕದ ಮನೆಯ ಗಡಿಗೆಪ್ಪನ ಎತ್ತಿನ ಮುಂದೆ ಮಣ್ಣು ಹಿಡಿದು ಕೂರತೊಡಗಿದ. ದೇವದುರ್ಗದ ಸಂತೆಯಿಂದ ತಂದ ಎತ್ತು ಅದು. ಎಡಗೊಂಬು ಕಿವಿಯ ಕಡೆಗೆ ಬಾಗಿತ್ತು. “ನನ್ನ ಎತ್ತಿಗೆ ದೃಷ್ಟಿ ಆದೀತು, ಕಣ್ಣು ಮುಚ್ಚಿ ಮಾಡ್ರಿ” ಎಂದು ಗಡಿಗೆಪ್ಪ ನಗುತ್ತಿದ್ದ. ಏಳು ದಿನದಲ್ಲಿ ಗದ್ದೆಪ್ಪನ ಕೈ ಪಳಗಿತು.

ಅಮಾವಾಸ್ಯೆಯ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ತಟ್ಟೆ ಹಿಡಿದು ಅವನ ಮನೆಗೆ ಹೋದೆವು. ಕಟ್ಟೆಯ ಮೇಲೆ ಇಪ್ಪತ್ನಾಲ್ಕು ಎತ್ತು. ಎಲ್ಲವಕ್ಕೂ ಎಡಗೊಂಬು ಬಾಗಿತ್ತು. ಎದುರು ಮನೆಯ ಶರಣಮ್ಮ ಒಂದನ್ನು ಎತ್ತಿದವಳೇ ಕೆಳಗಿಟ್ಟಳು.

“ಲೇ ಗದ್ದೆಪ್ಪ, ಇದು ಗಡಿಗೆಪ್ಪನ ಎತ್ತಲ್ಲೇನೋ? ಹ್ವಾದ ವರ್ಷ ನನ್ನ ಅರ್ಧ ಹೊಲ ಮೇಯ್ದೈತಿ. ಈಗ ಜಗಲಿ ಮ್ಯಾಲ ಕುಂದ್ರಿಸಿ ಹೋಳಿಗಿ ಬ್ಯಾರೆ ತಿನ್ನಸ್ಲೇನು?”

“ಎಷ್ಟು ಚಂದ ಆಗ್ಯಾವ ನೋಡ್ರಿ, ಅತ್ತಿ,” ಎಂದಳು ವಿಶಾಖಾ.

“ಚಂದ ಅದಾವ ಅಂತ ನಾನೂ ಅಂತೀನಿ. ಥೇಟ್ ಅವನ ಎತ್ತ ಆಗ್ಯಾವ, ಅದಕ್ಕ ಬ್ಯಾಡ.”

ಇನ್ನೊಬ್ಬರ ಮನೆಯ ಎತ್ತಿಗೆ ಪೂಜೆ ಮಾಡುವುದು ಹೇಗೆಂದು ಉಳಿದವರೂ ಮುಟ್ಟಲಿಲ್ಲ. ಪ್ಯಾಟಿಯಲ್ಲಿ ಅಚ್ಚಿನ ಬಣ್ಣದ ಎತ್ತು ಬಂದಿವೆ, ತರೋಣ ನಡೀರಿ ಎಂದು ಯಾರೋ ಅಂದರು. ಅದನ್ನು ಕೇಳಿ ಗದ್ದೆಪ್ಪ ಎದ್ದು ನಿಂತ. ಒಮ್ಮೆ ಅಲ್ಲಿಂದ ತಂದರೆ ಮುಂದಿನ ವರ್ಷ ಯಾರೂ ಅವನ ಕಟ್ಟೆಗೆ ಬರುವುದಿಲ್ಲ, ಅದು ಅವನಿಗೂ ಗೊತ್ತು, ನಮಗೂ ಗೊತ್ತು.

“ಒಂದು ತಾಸು ತಡೀರಿ. ಮದ್ಲಿನಂಗ ಮಾಡಿ ಕೊಡ್ತೀನಿ.”

ಒಂದೊಂದೇ ಹಿಚುಕಿ ನೀರು ಚಿಮುಕಿಸಿ ಮತ್ತೆ ನಾದಿದ. ವಿಶಾಖಾ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ತಾನೂ ಮಣ್ಣಿಗೆ ಕೈ ಹಾಕಿದಳು.

ಆಗಲೇ ತೊಡಕು ಬಂದದ್ದು. ಉದ್ದಕ್ಕೆ ಹೊಸೆದ ಮಣ್ಣಿನಲ್ಲಿ ಅವನ ಬೆರಳು ತಾನಾಗಿಯೇ ಸೊಂಟದ ಎಲುಬು ಎತ್ತುತ್ತಿತ್ತು. ಹೆಬ್ಬೆರಳಿನಿಂದ ತಿಕ್ಕುತ್ತಿದ್ದ, ಮತ್ತೆ ಏಳುತ್ತಿತ್ತು.

“ಮದ್ಲು ಹೆಂಗ ಬಿಡ್ತಿದ್ದೆಪ್ಪಾ ಇದನ್ನ?” ಎಂದು ಮಗಳು ಕೇಳಿದಳು. ಅವಳ ಕೈಯೊಳಗೂ ಅದೇ ಪಾಡು.

“ಬಿಡ್ತಿದ್ದಿಲ್ಲವ್ವಾ. ಅಷ್ಟ ಬರ್ತಿತ್ತು.”

ಇಬ್ಬರು ಹೆಂಗಸರು ಪ್ಯಾಟಿಗೆ ಹೋದರು. ಹತ್ತು ಮಂದಿ ಕಾದೆವು. ಹಿಂದಿನ ವರ್ಷಗಳವು ಎತ್ತಿನ ಹಾಗೆ ಅಷ್ಟೇನೂ ಇರಲಿಲ್ಲ, ಆದರೆ ಇದು ಯಾರದು ಎಂದು ಒಬ್ಬರೂ ಕೇಳಿದ್ದಿಲ್ಲ. ಬೆಳಿಗ್ಗೆ ಅವನು ಹಿಚುಕಿದ್ದರಲ್ಲಿ ಒಂದನ್ನಾದರೂ ಉಳಿಸಬೇಕಿತ್ತು ಎಂದೂ ಅನಿಸಿತು, ಅದೂ ಸುಳ್ಳಲ್ಲ. ಯಾವುದು ಒಳ್ಳೆಯದು ಎಂದು ಕೂತಲ್ಲೇ ಬಹಳ ಹೊತ್ತು ವಿಚಾರ ಮಾಡಿದೆ, ಬಗೆಹರಿಯಲಿಲ್ಲ.

ನನ್ನ ಜೋಡಿಯನ್ನು ಗದ್ದೆಪ್ಪ ಎಲ್ಲರಿಗಿಂತ ಕೊನೆಗೆ ಕೈಗಿತ್ತ.

“ಅಕ್ಕಾ, ಖರೇ ಹೇಳ್ರಿ. ಇದು ಯಾರ ಎತ್ತಿನಂಗ ಕಾಣ್ತದ?”

ಬೆಳಕಿಗೆ ಹಿಡಿದೆ. ಗಡಿಗೆಪ್ಪನದಲ್ಲ. ನನ್ನ ಹಳೆಯವೂ ಅಲ್ಲ. ಸೊಂಟದಲ್ಲಿ ಎಲುಬು ಅಳಿಸಿದ ಗುರುತಿತ್ತು.

“ತಿಳೀವಲ್ದು, ಗದ್ದೆಪ್ಪ.”

“ಕೊಡ್ರಿಲ್ಲೆ, ಇನ್ನೊಮ್ಮೆ ತಿಕ್ತೀನಿ” ಎಂದು ಕೈ ಚಾಚಿದ.

ನಾನು ಕೊಡಲಿಲ್ಲ. ಪೂಜೆಯ ಹೊತ್ತು ಮೀರುತ್ತಿತ್ತು. ಹಸಿ ಎತ್ತುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮನೆಯ ಕಡೆ ನಡೆದೆ.