ಮದ್ದಿನಕ್ಕನ ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ

ಮೊದಲು ಡಯಲ್ ಟೋನ್, ಅದರ ಬೆನ್ನಿಗೆ ನಂಬರ್ ಒತ್ತಿದ ಟಿಕ್‌ಟಿಕ್. ಆಮೇಲೆ ಕೀಂಯ್ ಎಂದು ಉದ್ದನೆಯ ಒಂದು ಕೂಗು, ಕೊನೆಗೆ ತಗಡಿನ ಮೇಲೆ ಮರಳು ಸುರಿದ ಹಾಗೆ ಘರ್ರ್. ಮಣಿಪಾಲದ ಆ ಪುಟ್ಟ ಸೈಬರ್ ಕೆಫೆಯ ಮಾಡೆಮ್ ಇಂಟರ್ನೆಟ್ಟನ್ನು ಹಿಡಿಯುವಾಗ ಮಾಡುತ್ತಿದ್ದ ಸದ್ದು ಅದು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟು ಕುಳಿತಿದ್ದ ಮದ್ದಿನಕ್ಕ ಅದನ್ನು ಪೂರ್ತಿ ಕಿವಿಗೊಟ್ಟು ಕೇಳಿದರು.

"ಟೀಚರ್, ಇದಕ್ಕೆ ಗಂಟಲು ಕಟ್ಟಿದೆ. ಒಳ್ಳೆಮೆಣಸಿನ ಕಷಾಯ ಕೊಡ್ಲಿಕ್ಕೆ ಹೇಳಿ."

ಹೇಳಿ ನಗಲಿಲ್ಲ. ಅವರು ಜೋಕ್ ಮಾಡಿದರೆ ಅದನ್ನು ನಾವೇ ಗುರುತಿಸಿಕೊಳ್ಳಬೇಕಿತ್ತು.

ಅವರ ಮನೆ ಕಾರ್ಕಳದ ಹತ್ತಿರದ ಕುಕ್ಕುಂದೂರಿನಲ್ಲಿ. ಬಾಣಂತಿಯರಿಗೆ ಎಣ್ಣೆ ಹಚ್ಚಿ ಮೀಯಿಸುವುದು, ಮಗುವಿಗೆ ನೀರು ಹೊಯ್ಯುವುದು, ತಾಯಿಗೆ ಲೇಹ ಕಾಯಿಸಿ ಕೊಡುವುದು, ಇದು ಅವರ ಕೆಲಸ. ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡಿಲ್ಲ, ಎಲ್ಲರಿಗೂ ಮದ್ದಿನಕ್ಕ. ಕಾಪುವಿನ ನಮ್ಮ ಮನೆಗೆ ಅವರು ಬಂದದ್ದು ನನ್ನ ತಂಗಿಯ ಮಗಳ ಬಾಣಂತನಕ್ಕೆ. ನಾನು ಆಗಷ್ಟೇ ಉಡುಪಿಯ ಶಾಲೆಯಿಂದ ರಿಟೈರ್ ಆಗಿ, ಇಂಗ್ಲಿಷ್ ಗ್ರಾಮರ್ ಕಲಿಸಲು ಯಾರೂ ಸಿಗದೆ, ಮನೆಯವರನ್ನೇ ತಿದ್ದುತ್ತ ಕೂತಿದ್ದ ಕಾಲ. ಬಂದ ಕೂಡಲೇ ಅವರು ಲೇಹಕ್ಕೆ ಕೈ ಹಾಕಲಿಲ್ಲ. ಬಾಣಂತಿಯ ಹಾಸಿಗೆಯ ಪಕ್ಕ ಕೂತು ಒಂದು ಗಂಟೆ ಬರೀ ಪ್ರಶ್ನೆ. ಎಷ್ಟು ದಿನ ಆಯಿತು, ನಾರ್ಮಲ್ಲೋ ಸಿಸೇರಿಯನ್ನೋ, ಹಸಿವು ಹೇಗುಂಟು, ನಿದ್ದೆ ಬರ್ತದಾ, ಅಳು ಬರ್ತದಾ. ಕೊನೆಯ ಪ್ರಶ್ನೆಗೆ ನಮ್ಮ ಹುಡುಗಿ ನಿಜವಾಗಿಯೇ ಅತ್ತುಬಿಟ್ಟಳು. ಡಾಕ್ಟರೂ ಕೇಳಿರಲಿಲ್ಲ, ಎಂ.ಎ. ಓದಿದ ದೊಡ್ಡಮ್ಮ ನಾನೂ ಕೇಳಿರಲಿಲ್ಲ. ಆಮೇಲೆ ಅವರು ಎದ್ದು, ಶುಂಠಿ ಇಷ್ಟು, ಬೆಳ್ಳುಳ್ಳಿ ಇಷ್ಟು, ತಾಳೆಯ ಓಲೆಬೆಲ್ಲ ಇಷ್ಟು ಎಂದು ಅವಳಿಗಾಗಿಯೇ ಅಳೆದು, ಒನಕೆಯಲ್ಲಿ ಕುಟ್ಟಿ, ಲೇಹ ಕಾಯಿಸಿದರು. ನನಗೆ ಅವರ ಮೇಲೆ ಅಭಿಮಾನ ಹುಟ್ಟಿದ್ದು ಆ ಒಂದು ಗಂಟೆಯಲ್ಲಿ.

ಆದರೆ ಅವರನ್ನು ಕರೆಸುವ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ಆಗಲೇ ಉಡುಪಿಯ ಒಬ್ಬ ಔಷಧ ವ್ಯಾಪಾರಿ ಅವರ ಮನೆಗೆ ಹೋಗಿ, ವಾರಕ್ಕೆ ಇಷ್ಟು ಕೊಪ್ಪರಿಗೆ ಲೇಹ ಮಾಡಿ ಕೊಡಿ, ನಮ್ಮ ಲೇಬಲ್ ಹಾಕಿ ಎಲ್ಲಾ ಮೆಡಿಕಲ್‌ಗಳಲ್ಲಿ ಇಡುತ್ತೇವೆ ಎಂದಿದ್ದ. ದೀಪಾವಳಿಯೊಳಗೆ ಉತ್ತರ ಹೇಳಬೇಕಿತ್ತು.

"ಒಪ್ಪಿದ್ರೆ ಊಟಕ್ಕೆ ತೊಂದರೆ ಇಲ್ಲ," ಎಂದರು ಮದ್ದಿನಕ್ಕ. "ಆದ್ರೆ ಯಾರು ತಿಂತಾರೆ ಅಂತ ನನಗೆ ಗೊತ್ತಾಗುದಿಲ್ಲ ಅಲ್ವಾ ಟೀಚರ್? ಮುಖ ನೋಡದೆ, ಮಾತು ಕೇಳದೆ ಕೊಡುವುದಾದ್ರೆ ಅದು ಮದ್ದಲ್ಲ, ಮಿಠಾಯಿ."

ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆಯುವ ಐಡಿಯಾ ನನ್ನದೇ. ನಮ್ಮ ಹುಡುಗಿ ಮುಂಬಯಿಗೆ ಮರಳಿದ ಮೇಲೆ ಅವಳ ಗೆಳತಿಯರು ಆ ಲೇಹವನ್ನು ಕೇಳುತ್ತಿದ್ದರು. ದೂರದಿಂದ ಕೇಳುವವರು ಸಿಕ್ಕರೆ ಮದ್ದಿನಕ್ಕ ತಮ್ಮ ರೀತಿಯಲ್ಲೇ ಮುಂದುವರಿಯಬಹುದು, ವ್ಯಾಪಾರಿಗೆ ಬೇಡ ಎನ್ನಬಹುದು ಎಂದು ನನ್ನ ಲೆಕ್ಕಾಚಾರ. ಆನೆಸ್ಟ್ಲಿ, ನನಗೆ ಆಗ ಈಮೇಲ್ ಕಳಿಸುವುದಕ್ಕಿಂತ ಹೆಚ್ಚೇನೂ ಬರುತ್ತಿರಲಿಲ್ಲ. ಬಜೆಟ್ ಎಂದರೆ ಅವರು ಪುಡಿ ಮಾಡುವ ಮಿಷನ್ನಿಗೆ ಎಂದು ಎತ್ತಿಟ್ಟ ಹಣ. "ಒನಕೆ ಉಂಟಲ್ಲ, ಕೈ ಉಂಟಲ್ಲ," ಎಂದು ಅದನ್ನು ತಂದು ನನ್ನ ಕೈಯಲ್ಲಿಟ್ಟರು. ಅಂಥ ಹಣ ಕೈಯಲ್ಲಿದ್ದರೆ ಮನುಷ್ಯ ಬೇಗ ಜವಾಬ್ದಾರಿ ಕಲಿಯುತ್ತಾನೆ.

ಹಾಗೆ ನಾನು ಬಸ್ಸು ಹಿಡಿದು ಕಾಪುವಿನಿಂದ, ಅವರು ಕಾರ್ಕಳದಿಂದ, ಪ್ರತಿ ಶನಿವಾರ ಬೆಳಿಗ್ಗೆ ಮಣಿಪಾಲಕ್ಕೆ. ಕೆಫೆಯ ಮಾಲಕರು ಗದಗದ ಕಡೆಯವರು. ಕಟ್ಟಡ ಕೆಲಸಕ್ಕೆ ಮೇಸ್ತ್ರಿಯಾಗಿ ಬಂದು, ತಾವೇ ಕಟ್ಟಿದ ಕಟ್ಟಡದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ಮೂರು ಕಂಪ್ಯೂಟರ್ ಇಟ್ಟವರು. "ಗ್ವಾಡಿ ನಾನಾ ಕಟ್ಟೀನ್ರಿ, ಈಗ ಬಾಡಿಗಿನೂ ನಾನಾ ಕೊಡತೀನಿ," ಎಂದು ನಗುತ್ತಿದ್ದರು.

ಅಂಗಡಿಗೆ ಬೇಕಾದ ಸಾಫ್ಟ್‌ವೇರಿನ ಹೆಸರು ಶಾಪಿಂಗ್ ಕಾರ್ಟ್ ಎಂದು ತಿಳಿದಾಗ ಮದ್ದಿನಕ್ಕ, "ಗಾಡಿ ಎಂತಕ್ಕೆ? ನನ್ನ ಹತ್ರ ಚೀಲ ಉಂಟು," ಎಂದರು. ಗಿರಾಕಿ ಆರಿಸಿದ್ದನ್ನು ಅದು ಹೊತ್ತುಕೊಂಡು ಹೋಗಿ ಆರ್ಡರ್ ಮಾಡಿಸುತ್ತದೆ ಎಂದು ವಿವರಿಸಿದೆ. ಮೊದಲು ನೋಡಿದ್ದು ತಿಂಗಳ ಬಾಡಿಗೆಯ ಒಂದು ವಿದೇಶಿ ಕಾರ್ಟ್. ನೋಡಲು ಬ್ಯೂಟಿಫುಲ್, ನನಗಂತೂ ಅದರ ತಿಳಿನೀಲಿ ಬಣ್ಣಕ್ಕೆ ಮನಸ್ಸು ಸೋತಿತ್ತು. ಆದರೆ ಬಾಡಿಗೆ ಡಾಲರಿನಲ್ಲಿ, ಅದೂ ಕ್ರೆಡಿಟ್ ಕಾರ್ಡಿನಲ್ಲಿ. ನಮ್ಮಿಬ್ಬರ ಹತ್ತಿರ ಇದ್ದದ್ದು ರೇಷನ್ ಕಾರ್ಡು. ಆಮೇಲೆ ಮಣಿಪಾಲದಲ್ಲೇ ಇದ್ದ ಒಂದು ಸಣ್ಣ ಕಂಪೆನಿಗೆ ಹೋದೆವು. ಎ.ಸಿ. ರೂಮಿನಲ್ಲಿ ಟೈ ಕಟ್ಟಿದ ಒಬ್ಬ ಮಹಾಶಯ ನಮಗಾಗಿಯೇ ಕಾರ್ಟ್ ಬರೆದು ಕೊಡುವುದಾಗಿ ಹೇಳಿದ. ಮದ್ದಿನಕ್ಕ ಒಂದೇ ಪ್ರಶ್ನೆ ಕೇಳಿದರು.

"ಇದು ಬಾಣಂತಿಯನ್ನು ಮಾತಾಡಿಸುವುದು ಎಲ್ಲಿ?"

"ಅಮ್ಮಾ, ಪ್ರಶ್ನೆ ಕೇಳಿದ್ರೆ ಕಸ್ಟಮರ್ ಓಡಿ ಹೋಗ್ತಾರೆ. ಎರಡು ಕ್ಲಿಕ್, ಮುಗೀತು. ಅದೇ ನಮ್ಮ ಸ್ಪೆಷಾಲಿಟಿ."

"ಓಡಿ ಹೋಗುವವರಿಗೆ ಬಾಣಂತಿ ಮದ್ದು ಎಂತಕ್ಕೆ ಮಾರಾಯ್ರೆ?" ಎಂದು ಇವರು ಎದ್ದೇಬಿಟ್ಟರು. ಹೊರಗೆ ಬಂದ ಮೇಲೆ ನಾನು ಸ್ವಲ್ಪ ರೇಗಿದೆ. ದೀಪಾವಳಿಗೆ ಎರಡೇ ತಿಂಗಳಿತ್ತು. ಅವರು ಕಡಲೆ ಕೊಂಡು ಅರ್ಧ ನನ್ನ ಕೈಗೆ ಸುರಿದು, "ಕೋಪಕ್ಕೆ ಮದ್ದಿಲ್ಲ ಟೀಚರ್, ಇದನ್ನು ತಿನ್ನಿ," ಎಂದರು.

ಉಳಿದದ್ದು ಮೂರನೆಯದು: ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಕಾರ್ಟ್. ವರ್ಷಕ್ಕಿಷ್ಟು ಎಂದು ಇಂಟರ್ನೆಟ್ಟಿನಲ್ಲಿ ಜಾಗ ಬಾಡಿಗೆಗೆ ಹಿಡಿದು, ಅದರಲ್ಲಿ ನಾವೇ ಕೂರಿಸಿಕೊಳ್ಳಬೇಕು. ಸಹಾಯಕ್ಕೆ ನಲವತ್ತು ಪುಟದ ಇಂಗ್ಲಿಷ್ ಸೂಚನೆ ಮತ್ತು ಅದನ್ನು ಬಳಸುವವರು ಪರಸ್ಪರ ಪ್ರಶ್ನೆ ಕೇಳಿಕೊಳ್ಳುವ ಒಂದು ಫೋರಮ್. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು ಪರೀಕ್ಷೆಯ ದಿನ, "ಗರ್ಲ್ಸ್, ಸೂಚನೆ ಎರಡು ಸಲ ಓದಿ, ಆಮೇಲೆ ಪೆನ್ನು ಮುಟ್ಟಿ," ಎನ್ನುತ್ತಿದ್ದರು. ನಾನು ನಲವತ್ತು ಪುಟವನ್ನೂ ಎರಡು ಸಲ ಓದಿದೆ. ಫೈಲುಗಳನ್ನು ಒಂದೊಂದಾಗಿ ಏರಿಸುವಾಗ ಲೈನ್ ಕಡಿದು ಹೋಗುತ್ತಿತ್ತು. ಮತ್ತೆ ಆ ಗಂಟಲು ಕಟ್ಟಿದ ಕೂಗು. ನಾಲ್ಕನೆಯ ಶನಿವಾರ ಪರದೆಯ ಮೇಲೆ ನಮ್ಮ ಅಂಗಡಿ ಕಂಡಿತು. ಮದ್ದಿನಕ್ಕ ಎದ್ದು ನಿಂತು ಅದಕ್ಕೆ ಕೈ ಮುಗಿದರು. ಹಣಕ್ಕೆ ವಿ.ಪಿ.ಪಿ. ವ್ಯವಸ್ಥೆ: ಪೋಸ್ಟ್‌ಮ್ಯಾನ್ ಪಾರ್ಸೆಲ್ ಕೊಟ್ಟು ದುಡ್ಡು ತರುತ್ತಾನೆ, ಬೇರೆ ಖರ್ಚಿಲ್ಲ.

ಲೇಹ, ಎಣ್ಣೆ, ಕಷಾಯದ ಪುಡಿ ಎಂದು ಒಂದೊಂದೇ ತುಂಬಿಸುತ್ತ ಬಂದೆ. ಪ್ರತಿಯೊಂದಕ್ಕೂ ಕಾರ್ಟ್ ಒಂದು ಪ್ರಶ್ನೆ ಕೇಳುತ್ತಿತ್ತು: ಸ್ಟಾಕ್ ಎಷ್ಟು?

"ಸೊನ್ನೆ," ಎಂದರು ಮದ್ದಿನಕ್ಕ.

"ಎಲ್ಲದಕ್ಕೂ?"

"ಎಲ್ಲದಕ್ಕೂ. ಅವರು ಹೇಳದೆ ನಾನು ಕುಟ್ಟುದಿಲ್ಲ. ಇಲ್ಲದ್ದನ್ನು ಉಂಟು ಅಂತ ಹೇಗೆ ಬರೆಯುವುದು?"

ನಾನು ಬೇರೆ, ಸುಳ್ಳು ಹೇಳಿದರೆ ಮೊಣಕಾಲೂರಿಸುತ್ತಿದ್ದ ಶಾಲೆಯಲ್ಲಿ ಕಲಿತವಳು. ಎಲ್ಲದಕ್ಕೂ ಸೊನ್ನೆ ಒತ್ತಿದೆ. ಇಬ್ಬರೂ ಸಮಾಧಾನದಿಂದ ಕಾಫಿ ಕುಡಿದೆವು.

ಒಂದು ವಾರ, ಎರಡು ವಾರ, ಮೂರು ವಾರ. ಒಂದು ಆರ್ಡರೂ ಬರಲಿಲ್ಲ. ದೀಪಾವಳಿಗೆ ಹತ್ತು ದಿನ ಇದ್ದಾಗ ಮದ್ದಿನಕ್ಕ ಮೆಲ್ಲಗೆ, "ಆ ವ್ಯಾಪಾರಿಗೆ ಹೂಂ ಹೇಳ್ತೇನೆ ಟೀಚರ್. ನೀವು ಬೇಜಾರು ಮಾಡ್ಬೇಡಿ," ಎಂದರು. ಅವರು ಸೋತ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಿಷನ್ನಿನ ಹಣವನ್ನು ನಾನು ನೀರಿಗೆ ಹಾಕಿದ್ದೆ.

ಮರುದಿನ ಮುಂಬಯಿಯಿಂದ ನಮ್ಮ ಹುಡುಗಿಯ ಫೋನು. "ದೊಡ್ಡಮ್ಮ, ಎಷ್ಟು ದಿನದಿಂದ ನೋಡ್ತಾ ಇದ್ದೇನೆ, ಎಲ್ಲದರ ಮೇಲೂ ಕೆಂಪು ಅಕ್ಷರದಲ್ಲಿ ಔಟ್ ಆಫ್ ಸ್ಟಾಕ್ ಅಂತ ಉಂಟು! ಒತ್ತಲಿಕ್ಕೆ ಬಟನ್ನೇ ಇಲ್ಲ. ಅಷ್ಟು ಬೇಗ ಎಲ್ಲಾ ಖರ್ಚಾಯಿತಾ?"

ಸೊನ್ನೆ ಒತ್ತಿ, ಅಂಗಡಿ ತೆರೆದ ದಿನವೇ ನಾವು ನಮ್ಮ ಕೈಯಾರೆ ಬಾಗಿಲು ಹಾಕಿದ್ದೆವು.

ಶನಿವಾರದವರೆಗೆ ಕಾಯದೆ ಮಣಿಪಾಲಕ್ಕೆ ಓಡಿದೆವು. ಕೆಫೆಯವರು ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾವಿರ ಅಂತ ಹಾಕ್ರಿ ಟೀಚರ. ಯಾರು ಬಂದು ಎಣಸ್ತಾರ?"

"ನಾನು ಎಣಿಸ್ತೇನೆ," ಎಂದರು ಮದ್ದಿನಕ್ಕ. ಅವರ ಮುಖ ನೋಡಿ ಕೆಫೆಯವರು ನಗು ನಿಲ್ಲಿಸಿ, ಹೋಗಿ ಚಹಾ ತಂದರು.

ನಾನು ಫೋರಮ್ಮಿನಲ್ಲಿ ಹುಡುಕುತ್ತ ಕೂತೆ. ಯಾವುದೋ ದೇಶದಲ್ಲಿ ಪಿಟೀಲು ಮಾಡುವ ಒಬ್ಬ ಇದೇ ಪ್ರಶ್ನೆ ಕೇಳಿದ್ದ: ನಾನು ಕೇಳಿದವರಿಗಷ್ಟೇ ಮಾಡಿಕೊಡುವವನು, ನನ್ನಲ್ಲಿ ಸ್ಟಾಕ್ ಎಂಬುದೇ ಇಲ್ಲ, ಏನು ಮಾಡಲಿ? ಕೆಳಗೆ ಮತ್ತೊಬ್ಬ ಅಪರಿಚಿತ ತಾಳ್ಮೆಯಿಂದ ಉತ್ತರಿಸಿದ್ದ. ಸ್ಟಾಕ್ ನೋಡುವುದನ್ನೇ ನಿಲ್ಲಿಸುವ ಒಂದು ಸೆಟ್ಟಿಂಗ್ ಇದೆ; ಬಟನ್ನಿನ ಮೇಲಿನ ಮಾತುಗಳು ಬೇರೆ ಫೈಲಿನಲ್ಲಿವೆ, ಬೇಕಾದಂತೆ ಬದಲಿಸಿಕೋ; ಗಿರಾಕಿ ಉತ್ತರಿಸಲೇಬೇಕಾದ ಪ್ರಶ್ನೆಗಳನ್ನೂ ಸೇರಿಸಬಹುದು. ಪುಕ್ಕಟೆಯ ಕಾರ್ಟಿನ ಹೊಟ್ಟೆಯೊಳಗೆ ಇಷ್ಟೆಲ್ಲ ಇತ್ತು. ಎ.ಸಿ. ರೂಮಿನವನು ಬೇಡ ಎಂದದ್ದನ್ನು, ಮುಖ ಕಾಣದ ಯಾರೋ ಇಬ್ಬರು ದುಡ್ಡು ಕೇಳದೆ ಹೇಳಿಕೊಟ್ಟಿದ್ದರು. ಇವತ್ತಿಗೂ ಅವರನ್ನು ನೆನೆಯುತ್ತೇನೆ.

ಖರೀದಿಯ ಬಟನ್ ಇದ್ದಲ್ಲಿ "ಆಸ್ಕ್ ಅಕ್ಕ" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಕೆಳಗೆ ಅಕ್ಕ ಹೇಳಿದ ಐದು ಪ್ರಶ್ನೆಗಳು. ಮೊದಲನೆಯದು, ಮಗು ಹುಟ್ಟಿದ ದಿನ. ಕೊನೆಯದು, ಅಂದು ನಮ್ಮ ಹುಡುಗಿ ಅತ್ತುಬಿಟ್ಟ ಅದೇ ಪ್ರಶ್ನೆ: ಅಳು ಬರುತ್ತದೆಯೇ?

ಐದನೆಯ ದಿನ ಮೊದಲ ಆರ್ಡರ್, ಪುಣೆಯಿಂದ. ಹೆಂಡತಿಯ ಪರವಾಗಿ ಕಳಿಸಿದವನು ಗಂಡ. ಪ್ರಿಂಟ್ ತೆಗೆದು ಅದೇ ಮಧ್ಯಾಹ್ನ ಬಸ್ಸಿನಲ್ಲಿ ಕುಕ್ಕುಂದೂರಿಗೆ ಹೊತ್ತುಕೊಂಡು ಹೋಗಿ, ಗೆದ್ದವಳಂತೆ ಓದಿ ಹೇಳಿದೆ. ಮದ್ದಿನಕ್ಕ ಬೆರಳು ಮಡಚಿ ಲೆಕ್ಕ ಹಾಕಿದರು. "ಇದು ಬರುವ ತಿಂಗಳ ದಿನ ಅಲ್ವಾ? ಮಗು ಇನ್ನೂ ಹುಟ್ಟಲೇ ಇಲ್ಲ!"

ಹೌದು, ಪುಣ್ಯಾತ್ಮ ಡಾಕ್ಟರು ಕೊಟ್ಟ ದಿನಾಂಕ ಹಾಕಿದ್ದ.

"ಹೆರಿಗೆಗೆ ಮೊದಲು ಬಾಣಂತಿ ಮದ್ದು ಆ ಮನೆಯ ಹೊಸ್ತಿಲು ದಾಟಬಾರದು ಟೀಚರ್. ಕಳಿಸುದಿಲ್ಲ."

"ಇದು ನಮ್ಮ ಫಸ್ಟ್ ಆರ್ಡರ್, ಅಕ್ಕ!"

"ಇರಲಿ. ಮಗು ಬಂದ ಮೇಲೆ ಬರೀಲಿಕ್ಕೆ ಹೇಳಿ. ತಾಯಿಯೇ ಬರೀಲಿ."

ಬರೆದೆ. ಇನ್ನು ಅವನು ತಿರುಗಿ ನೋಡಲಾರ ಎಂದುಕೊಂಡೆ. ಉತ್ತರ ಮರುದಿನವೇ ಬಂತು: ನನ್ನ ಅಜ್ಜಿಯೂ ಹೀಗೇ ಹೇಳುತ್ತಿದ್ದಳು, ಕಾಯುತ್ತೇವೆ. ಅದನ್ನು ಓದಿ ಹೇಳಿದಾಗ ಮದ್ದಿನಕ್ಕ ಒಳಗೆ ಹೋಗಿ ಸೀರೆ ಬದಲಿಸಿ ಬಂದು, ನನ್ನನ್ನೂ ಕರೆದುಕೊಂಡು ಉಡುಪಿಗೆ ಬಸ್ಸು ಹತ್ತಿದರು. ವ್ಯಾಪಾರಿಯ ಅಂಗಡಿಯಲ್ಲಿ ನಿಂತು, "ಆಗುದಿಲ್ಲ ಅಣ್ಣ, ನನಗೆ ಕೇಳುವ ಕೆಲಸ ಉಂಟು," ಎಂದರು. ಒಂದೂವರೆ ತಿಂಗಳ ನಂತರ ಪುಣೆಯಿಂದ ಬಾಣಂತಿಯೇ ಬರೆದಳು, ಐದೂ ಪ್ರಶ್ನೆಗೆ ಎರಡು ಪುಟದ ಉತ್ತರ. ಆ ದಿನ ಒನಕೆಯ ಸದ್ದು ಜಗಲಿಯಲ್ಲಿ ಕೂತ ನನಗೆ ಬಹಳ ಹೊತ್ತು ಕೇಳಿಸಿತು.

ಅಂಗಡಿ ಆರು ವರ್ಷ ನಡೆಯಿತು. ದೊಡ್ಡದಾಗಲಿಲ್ಲ, ಒಬ್ಬರ ಕೈ ಕುಟ್ಟುವಷ್ಟೇ ನಡೆಯಿತು.

ಅವರನ್ನು ಕೊನೆಯ ಸಲ ಕಂಡದ್ದು ಕಟಪಾಡಿ ಜಂಕ್ಷನ್ನಿನಲ್ಲಿ. ಓಲೆಬೆಲ್ಲ ಕೊಳ್ಳಲು ಬಂದವರು ಶಿರ್ವದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗಿತ್ತು. ನನ್ನನ್ನು ಕಂಡು ಚೀಲದಿಂದ ಎಣ್ಣೆಯ ಬಾಟಲಿ ಹೊರತೆಗೆದರು.

"ಟೀಚರ್, ಸಿಕ್ಕಿದ್ರೆ ಕೊಡುವ ಅಂತ ನಿಮ್ಮ ಮೊಣಕಾಲಿಗೆ ತಂದದ್ದು. ನೋವು ಬೆಳಿಗ್ಗೆ ಹೆಚ್ಚಾ, ಸಂಜೆ ಹೆಚ್ಚಾ?"

"ಎರಡೂ ಹೊತ್ತು ಉಂಟು, ಕೊಡಿ ಅಕ್ಕ, ಬಸ್ಸು ಹೊರಡ್ತದೆ!"

"ಸರಿಯಾಗಿ ಹೇಳಿ. ಕೂತು ಏಳುವಾಗವಾ, ಮೆಟ್ಟಿಲು ಹತ್ತುವಾಗವಾ?"

ನಾನು ಯೋಚಿಸುತ್ತ ನಿಂತೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಚಲಿಸಿತು. ಚಾಚಿದ ನನ್ನ ಕೈಗೆ ಬಾಟಲಿ ಸಿಗಲಿಲ್ಲ. ಅವರು ಅದನ್ನು ಮತ್ತೆ ಚೀಲದೊಳಗೆ ಇಟ್ಟುಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೇಳಿ, ಹೇಳಿ ಎಂಬಂತೆ ನನ್ನ ಕಡೆ ಕೈ ಆಡಿಸುತ್ತಲೇ ಇದ್ದರು.