ರಸ್ತೆಗೆ ಹೋದ ಕೋಣೆಯ ಕಂದಾಯ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯನ್ನು ಅಗಲ ಮಾಡಿದಾಗ ನಮ್ಮ ಮನೆಯ ಮುಂಭಾಗ ಹೋಯಿತು. ಹೋದದ್ದು ಜಗಲಿ ಮತ್ತು ಅದಕ್ಕೆ ಅಂಟಿಕೊಂಡಿದ್ದ ಕೋಣೆ. ಲಕ್ವ ಹೊಡೆದ ಮೇಲೆ ನನ್ನ ಮಾವ ಮಲಗಿದ್ದದ್ದು, ತೀರಿಕೊಂಡದ್ದು ಆ ಕೋಣೆಯಲ್ಲೇ. ಪರಿಹಾರದ ಹಣದಲ್ಲಿ ನನ್ನ ಗಂಡ ಉಳಿದ ಭಾಗಕ್ಕೆ ಗೋಡೆ ಎಬ್ಬಿಸಿ ಹೊಸ ಬಾಗಿಲು ಇಡಿಸಿದರು. ಮನೆ ಚಿಕ್ಕದಾಯಿತು. ಪಂಚಾಯಿತಿಯ ಕಂದಾಯ ಮಾತ್ರ ಮೊದಲಿನಷ್ಟೇ ಬರುತ್ತಿತ್ತು.

ಎರಡು ಮೂರು ವರ್ಷ ಹಾಗೇ ಕಟ್ಟಿದೆವು. ಕೆಡವಿದ ಕೋಣೆಯೂ ಅಳತೆಯಲ್ಲಿ ಸೇರಿರುವುದು ಆಮೇಲೆ ಯಾವಾಗಲೋ ನನ್ನ ಕಣ್ಣಿಗೆ ಬಿತ್ತು. ತಕರಾರು ಅರ್ಜಿ ಕೊಡೋಣ ಎಂದೆ. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

“ಕಟ್ಕಂಡು ಹೋಗಾಣ ಬುಡಮ್ಮ. ಆ ಕೋಣೆ ಇಲ್ಲ ಅಂತ ನಾವೇ ಯಾಕೆ ಬರ್ಕೊಡ್ಬೇಕು?”

“ಇಲ್ಲದ್ದಕ್ಕೆ ಕಂದಾಯ ಯಾಕತ್ತೆ ಕಟ್ಟೋದು?”

“ಅವರ ಲೆಕ್ಕದಾಗಾದ್ರೂ ಐತಲ್ಲ.”

ಆದರೂ ಗಂಡನಿಗೆ ಹೇಳಿ ಅರ್ಜಿ ಕೊಡಿಸಿದೆ.

ಪಂಚಾಯಿತಿಯ ಬಿಲ್ ಕಲೆಕ್ಟರ್ ಟೇಪು ಹಿಡಿದು ಬಂದರು. ಉಳಿದ ಮನೆಯನ್ನು ಅಳೆದಾದ ಮೇಲೆ, “ಹಳೇ ಗೋಡೆ ಎಲ್ಲಿಗಂಟ ಇತ್ತು?” ಎಂದು ಕೇಳಿದರು. ನನ್ನ ಗಂಡ ಅಂದಾಜಿನಲ್ಲಿ ಚರಂಡಿಯ ಕಡೆ ಕೈ ತೋರಿಸಿದರು.

“ಅಲ್ಲಲ್ಲ ಕಣ್ಲಾ,” ಎನ್ನುತ್ತ ಅತ್ತೆ ಒಳಗಿಂದ ಬಂದರು. ಚರಂಡಿ ದಾಟಿ ಹೋಗಿ ಡಾಂಬರಿನ ಅಂಚಿನಲ್ಲಿ ನಿಂತರು. ಪಕ್ಕದಲ್ಲೇ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ನಾನು ಓಡಿಹೋಗಿ ಅವರ ತೋಳು ಹಿಡಿದುಕೊಂಡೆ.

“ಇಲ್ಲಿ ಬಾಗ್ಲು. ಇಲ್ಲಿ ಕಿಟಕಿ. ಇಂಗೆ ತಲೆ ಮಾಡ್ಕಂಡು ಮಲಗ್ತಿದ್ರು ಅವರು. ಬಸ್ಸು ಹೋಗೋದು ಕಾಣ್ಲಿ ಅಂತ ಮಂಚ ತಿರುಗಿಸಿದ್ದೆ.”

ಬಿಲ್ ಕಲೆಕ್ಟರ್ ಏನೂ ಬರೆದುಕೊಳ್ಳಲಿಲ್ಲ. ಅತ್ತೆ ಹೇಳಿ ಮುಗಿಸಿದ ಮೇಲೆ ಟೇಪು ಸುತ್ತಿಕೊಂಡು, “ಆಯ್ತಜ್ಜಿ, ಈ ಕಡೆ ಬನ್ನಿ,” ಎಂದರು.

ಆ ವರ್ಷದಿಂದ ಕಂದಾಯ ಇಳಿಯಿತು. ಹಿಂದೆ ಹೆಚ್ಚಾಗಿ ಕಟ್ಟಿದ್ದನ್ನು ಹೊಂದಿಸಿಕೊಳ್ಳಲು ಪಂಚಾಯಿತಿ ಒಪ್ಪಲಿಲ್ಲ. ಅದಕ್ಕೆ ತಾಲ್ಲೂಕು ಪಂಚಾಯಿತಿಗೆ ಮೇಲ್ಮನವಿ ಹಾಕಿದೆವು. ಮನೆ ಅತ್ತೆಯ ಹೆಸರಿನಲ್ಲಿದ್ದುದರಿಂದ ವಿಚಾರಣೆಗೆ ಮಧುಗಿರಿಗೆ ಅವರನ್ನೂ ಕರೆದುಕೊಂಡು ಹೋದೆವು.

“ಕೋಣೆ ಕೆಡವಿದಾಗಲೇ ಯಾಕೆ ತಿಳಿಸಲಿಲ್ಲ?” ಎಂದು ಅಧಿಕಾರಿ ಕೇಳಿದರು. ನನ್ನ ಗಂಡ ಏನೋ ಹೇಳಲು ತಡವರಿಸುತ್ತಿದ್ದಾಗ ಅತ್ತೆ ಕುರ್ಚಿಯಿಂದ ಎದ್ದರು.

“ನಂಗೆ ಹೇಳಾಕೆ ಮನಸ್ಸು ಬರ್ಲಿಲ್ಲ ಸ್ವಾಮಿ. ಈಗ ಹೇಳ್ತೀನಿ. ಆ ಕೋಣೆ ಇಲ್ಲ.”

ಅಧಿಕಾರಿ ಪೆನ್ನು ಕೆಳಗಿಟ್ಟು, “ಕೂತ್ಕೊಳ್ಳಿ ಅಮ್ಮ,” ಎಂದರು. ಕೊನೆಗೆ, ಹಿಂದಿನ ಒಂದು ವರ್ಷದ ಹೆಚ್ಚುವರಿಯನ್ನು ಮಾತ್ರ ಮುಂದಿನ ಕಂದಾಯಕ್ಕೆ ಹೊಂದಿಸುವಂತೆ ಆದೇಶವಾಯಿತು. ಉಳಿದದ್ದನ್ನು ನಾವೂ ಬಿಟ್ಟೆವು.

ವಿಚಾರಣೆ ಮುಗಿಸಿಕೊಂಡು ಮನೆಗೆ ಬಂದವರೇ ಅತ್ತೆ ಕಾಲು ತೊಳೆದು ಒಲೆಯ ಮುಂದೆ ಹೋದರು. ನಾನು ಮಾಡುತ್ತೇನೆಂದರೂ ಬಿಡಲಿಲ್ಲ. ಅವತ್ತು ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ನನ್ನ ಗಂಡ ನನ್ನ ಮುಖ ನೋಡಿದರು. ಇಬ್ಬರೂ ಉಪ್ಪು ಕೇಳದೆ ಮುದ್ದೆ ಮುರಿದುಕೊಂಡು ಉಂಡೆವು.