ತೊಡಕಿನ ದಿನದ ಸೈಕಲ್ ರೇಸು

ಬೆಲ್ಜಿಯಂನಲ್ಲಿ ವಸಂತಕ್ಕೆ ನಡೆಯುವ ಒಂದು ದಿನದ ಸೈಕಲ್ ರೇಸುಗಳೆಂದರೆ ನನಗೆ ಪ್ರಾಣ. ಮೂರು ವಾರದ ದೊಡ್ಡ ರೇಸಿನಲ್ಲಿ ಇವತ್ತು ಸೋತವನಿಗೆ ನಾಳೆ ಇರುತ್ತದೆ, ಇಲ್ಲಿ ಇಲ್ಲ. ಹೊಲಗಳ ನಡುವೆ ಕಲ್ಲು ಹಾಸಿದ ಇಕ್ಕಟ್ಟು ರಸ್ತೆ, ಕೆಸರು, ದಿಣ್ಣೆ. ಹಾಸನದ ಮನೆಯಲ್ಲಿ ಮಧ್ಯಾಹ್ನದಿಂದಲೇ ಫೋನ್ ಹಿಡಿದು ಕೂತಿರುತ್ತೇನೆ.

ಇದರಿಂದಲೇ ಭಾವ ನನ್ನ ಜೊತೆ ಮಾತು ಬಿಟ್ಟಿದ್ದರು. ಹಳ್ಳಿಮೈಸೂರಿನಲ್ಲಿ ಅವರೂ ಅಕ್ಕನೂ ಕಟ್ಟಿಸಿದ ಮನೆಯ ಗೃಹಪ್ರವೇಶ ಅಂಥದೇ ಒಂದು ರೇಸಿನ ಭಾನುವಾರ ಬಿದ್ದಿತ್ತು. ಜ್ವರ ಎಂದು ಸುಳ್ಳು ಹೇಳಿ ಉಳಿದುಕೊಂಡೆ. ಸಂಜೆ ರೇಸಿನ ಚಿತ್ರವನ್ನು ಮೊಬೈಲ್ ಸ್ಟೇಟಸ್‌ಗೆ ಹಾಕಿ ಸಿಕ್ಕಿಬಿದ್ದೆ.

ಮರುವರ್ಷ ಯುಗಾದಿಯ ಮಾರನೇ ದಿನ, ವರ್ಷದ ತೊಡಕು, ಭಾನುವಾರ ಬಂತು, ರೇಸೂ ಅವತ್ತೇ. ತೊಡಕಿನ ದಿನ ಏನಾಗುತ್ತದೋ ವರ್ಷವಿಡೀ ಅದೇ ನಡೆಯುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಓದಿದವನು, ನಾನು ನಂಬುವುದಿಲ್ಲ ಅಂದುಕೊಂಡಿದ್ದೇನೆ. ಆದರೂ ಅವತ್ತು ಭಾವ ಮಾತಾಡದಿದ್ದರೆ ಇನ್ನೊಂದು ವರ್ಷ ಹೀಗೇ ಎಂಬ ಅಳುಕು. ಅಕ್ಕ ಊಟಕ್ಕೆ ಕರೆದ ಕೂಡಲೇ ಹೊರಟೆ.

ಊರವರು ಸೇರಿ ಮರಿ ಕಡಿದು, ಗುಡ್ಡೆ ಹಾಕಿ ಹಂಚಿಕೊಂಡ ಬಾಡಿನ ಊಟ ಮುಗಿಯಿತು. ಭಾವ ಮಾತಾಡಲಿಲ್ಲ. ಫೋನನ್ನು ಜೇಬಿನಲ್ಲೇ ಇಟ್ಟುಕೊಂಡು ಜಗುಲಿಯಲ್ಲಿ ಕೂತೆ. ಐದು ಗಂಟೆಗೋ ಏನೋ, ಅವರೇ ಬಂದು ಎದುರು ನಿಂತರು.

"ಎಲ್ಲಿ ತೋರ್ಸ್ಲಾ, ನಮ್ಮನೆ ಊಟ ಬುಟ್ಟು ಅದೇನ್ ನೋಡಿದ್ಯೋ."

ತೋರಿಸಿದೆ. ಪಕ್ಕದಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡಿದರು.

"ಈ ರೋಡಲ್ಲಿ ನಮ್ಮೆಮ್ಮೆನೂ ಓಗಕಿಲ್ಲ ಕಣ್ಲಾ. ಡಾಂಬ್ರು ಆಕ್ಸಕ್ಕೇನ್ ದಾಡಿ ಅವ್ರಿಗೆ?"

"ಕಲ್ಲಿದ್ರೇ ರೇಸು ಭಾವ. ಬೇಕಂತ್ಲೇ ಉಳಿಸ್ಕೊಂಡವ್ರೆ."

"ಮುಂದೆ ಗಾಳಿಗೆ ಎದೆ ಕೊಟ್ಕೊಂಡು ಓಯ್ತಾವ್ನಲ್ಲ, ಅವ್ನೇ ಗೆಲ್ಲದಾ?"

"ಇಲ್ಲ. ಹಿಂದಿರೋ ತನ್ನ ತಂಡದೋನಿಗೆ ಗಾಳಿ ತಡೆಯೋದಷ್ಟೇ ಅವನ ಕೆಲಸ. ಸುಸ್ತಾದ್ ಮೇಲೆ ಪಕ್ಕಕ್ಕೆ ಸರಿದ್ಬುಡ್ತಾನೆ."

ಭಾವ ಪರದೆಯಿಂದ ಕಣ್ಣು ತೆಗೆಯದೆ ಅಂದರು: "ಅವತ್ತು ಬಡ್ಸಕ್ಕೆ ನೀನಿರ್ತೀಯ ಅಂತಿದ್ದೆ. ನಾನೊಬ್ನೇ ಓಡಾಡ್ದೆ."

"ತಪ್ಪಾಯ್ತು ಭಾವ."

ಕೊನೆಯ ದಿಣ್ಣೆಯವರೆಗೂ ಅವರು ನನ್ನ ಪಕ್ಕದಲ್ಲೇ ಇದ್ದರೆಂದು ನನ್ನ ನೆನಪು. ಇಷ್ಟು ವರ್ಷ ಎಲ್ಲರಿಗೂ ಹಾಗೇ ಹೇಳಿದ್ದೇನೆ. ದಿನಚರಿ ತೆಗೆದು ನೋಡಿದರೆ, ಹಾಲು ಕರೆಯುವ ಹೊತ್ತಾಯಿತೆಂದು ನಡುವೆಯೇ ಎದ್ದು ಹೋದರು ಎಂದು ನನ್ನದೇ ಅಕ್ಷರದಲ್ಲಿದೆ. ಹೋಗುವಾಗ ಅಡುಗೆಮನೆಯ ಕಡೆ ತಿರುಗಿ ಅಕ್ಕನಿಗೆ ಕೂಗಿ ಹೇಳಿದ್ದನ್ನೂ ಬರೆದಿಟ್ಟಿದ್ದೇನೆ:

"ಅಮ್ಮೀ, ಮಗಳ ಮದ್ವೆಗೆ ದಿನ ನೋಡ್ಸಕ್ ಮುಂಚೆ, ಇವನ್ ಸೈಕಲ್ಲು ಯಾವತ್ತಿರಕಿಲ್ಲ ಅಂತ ಕೇಳ್ಕೊಂಬುಡು. ಬಡ್ಸಕ್ ಜನ ಬೇಕು."